ಊಟಿಯಿಂದ ಬಂದ ಅಗ್ಗದ ರೀಲು

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಸಿಗುವ ಶಂಕರಪುರ, ಮಲ್ಲಿಗೆಯಿಂದಾಗಿ ಹೆಸರಾದ ಊರು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇವತ್ತಿನ ಕ್ರಯ ಎಷ್ಟು ಎಂಬುದು ಇಲ್ಲಿ ದಿನಾಲೂ ನಿಗದಿಯಾಗಿ ಊರೂರಿಗೆ ಹರಡುತ್ತದೆ. ಇಂಥ ಹೂವಿಗೂ ಕಪ್ಪುಬಿಳುಪು ಫೋಟೋದ ರೀಲಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇರುವುದು ನಮ್ಮ ಹಳೆಯ ಮನೆಗಳ ಗೋಡೆಯ ಮೇಲೆ.

ಉಡುಪಿ, ಕಾಪು, ಕಾರ್ಕಳದ ಕಡೆ ಹಳೆಯ ಮನೆಗಳ ಚಾವಡಿಯಲ್ಲಿ ಕಣ್ಣು ಹಾಯಿಸಿದರೆ ಗಾಜಿನ ಕಟ್ಟಿನೊಳಗೆ ಒಂದು ಬಗೆಯ ಫೋಟೋ ಕಾಣುವುದುಂಟು. ಹೆಣ್ಣುಮಗಳೊಬ್ಬಳು ಸ್ಟುಡಿಯೋದ ಕುರ್ಚಿಯಲ್ಲಿ ಕೂತಿದ್ದಾಳೆ. ಹಿಂದುಗಡೆ ಒಂದು ನಿಲುವುಗನ್ನಡಿ. ಮುಖ ನಮ್ಮ ಕಡೆ, ಮೊಗ್ಗಿನ ಜಡೆ ಕನ್ನಡಿಯೊಳಗೆ. ಜಡೆ ಹೆಣೆಯಲು ಅರ್ಧ ದಿನ, ಅದು ಬಾಡಲು ಇನ್ನರ್ಧ ದಿನ. ಅದರ ನಡುವೆ ಪೇಟೆಗೆ ಹೋಗಿ ಫೋಟೋ ತೆಗೆಸಿಕೊಂಡು ಬರಬೇಕು. ಕರ್ನಾಟಕದ ಉದ್ದಗಲಕ್ಕೂ ಇದ್ದ ಈ ಪದ್ಧತಿಗೆ ಕರಾವಳಿಯಲ್ಲಿ ಮಲ್ಲಿಗೆಯ ಜತೆ ಕೇಸರಿ ಬಣ್ಣದ ಅಬ್ಬಲಿಗೆಯೂ ಸೇರುತ್ತಿತ್ತು. ಆದರೆ ತೀರಾ ಹಳೆಯ ಫೋಟೋಗಳಲ್ಲಿ ಮಲ್ಲಿಗೆ ಎದ್ದು ಕಂಡರೂ ಅಬ್ಬಲಿಗೆ ಕೂದಲೊಳಗೆ ಕರಗಿಹೋಗುತ್ತದೆ. ಹಣೆಯ ಕುಂಕುಮ ಇದ್ದಿಲ ಬೊಟ್ಟಿನಂತೆ ಕಪ್ಪು. ಕೆಂಪು ಸೀರೆಯೂ ಕಪ್ಪು.

ಇದು ಫೋಟೋದವರ ತಪ್ಪಲ್ಲ, ರೀಲಿನ ಗುಣ. ಫಿಲ್ಮಿನ ಮೈಗೆ ಬಳಿದಿರುವ ಬೆಳ್ಳಿಯ ಲವಣ ಹುಟ್ಟಿನಿಂದಲೇ ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುವಂಥದು. 1873ರಲ್ಲಿ ಬರ್ಲಿನ್ನಿನ ಹೆರ್ಮನ್ ಫೋಗೆಲ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕ, ಲವಣಕ್ಕೆ ಒಂದಿಷ್ಟು ಬಣ್ಣ ಬೆರೆಸಿದರೆ ಅದು ಹಸಿರು ಹಳದಿಗಳನ್ನೂ ಕಾಣತೊಡಗುತ್ತದೆ ಎಂದು ಕಂಡುಹಿಡಿದ. ಹೀಗೆ ಬಂದದ್ದು ಆರ್ಥೋಕ್ರೋಮ್ಯಾಟಿಕ್ ಫಿಲ್ಮ್. ಕೆಂಪಿಗೆ ಇದು ಪೂರ್ತಿ ಕುರುಡು. ಎಲ್ಲ ಬಣ್ಣವನ್ನೂ ಕಾಣುವ ಪ್ಯಾನ್‌ಕ್ರೋಮ್ಯಾಟಿಕ್ ಗಾಜಿನ ಪ್ಲೇಟುಗಳು 1906ರಲ್ಲೇ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಿದ್ದರೂ ಸ್ಟುಡಿಯೋಗಳು ಆರ್ಥೋವನ್ನು ಬಹುಕಾಲ ಬಿಡಲಿಲ್ಲ. ಅದು ಅಗ್ಗ ಎಂಬುದೊಂದು ಕಾರಣವಾದರೆ, ಕೆಂಪು ದೀಪ ಹಚ್ಚಿಕೊಂಡು, ಚಿತ್ರ ಮೂಡುವುದನ್ನು ಕಣ್ಣಾರೆ ನೋಡುತ್ತ ತೊಳೆಯಬಹುದು ಎಂಬುದು ಇನ್ನೊಂದು. ನಮ್ಮ ಜನರ ಮೈಬಣ್ಣದಲ್ಲಿ ಕೆಂಪಿನ ಪಾಲು ಹೆಚ್ಚಾದ್ದರಿಂದ ಆರ್ಥೋದಲ್ಲಿ ಮುಖ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತಿತ್ತು. ಸ್ಟುಡಿಯೋದ ಕನ್ನಡಿಯ ಮುಂದೆ ಪೌಡರ್ ಡಬ್ಬಿ ಇರುತ್ತಿದ್ದದ್ದು ಬರೀ ಶೋಕಿಗಲ್ಲ!

ಈ ಮಾತೆಲ್ಲ ಸ್ಟುಡಿಯೋದವರದ್ದಾಯಿತು. ಫೋಟೋ ತೆಗೆಯಲು ಹೊಸದಾಗಿ ಕಲಿಯಹೊರಟ ಹುಡುಗ ಹುಡುಗಿಯರು ಯಾವ ರೀಲು ಕೊಂಡರು, ಅದು ಅವರ ಕೈಗೆ ಎಟುಕುವಂತೆ ಹೇಗಾಯಿತು ಎಂಬುದು ಬೇರೆಯೇ ಕಥೆ.

ಅಮೆರಿಕದ ಕೊಡಕ್ ಕಂಪೆನಿ 1900ರಲ್ಲಿ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಲು ತೊಡಗಿದಾಗ, ಕ್ಯಾಮೆರಾ ಎಂಬುದು ಶ್ರೀಮಂತರ ಮನೆಯಿಂದ ಮಕ್ಕಳ ಕೈಗೆ ಇಳಿಯಿತು. ಕಂಪೆನಿಯ ಲೆಕ್ಕಾಚಾರ ಸರಳ: ಕ್ಯಾಮೆರಾ ಒಂದು ಸಲ ಕೊಳ್ಳುವಂಥದು, ರೀಲು ಮತ್ತೆ ಮತ್ತೆ ಕೊಳ್ಳುವಂಥದು. ಅದರ ಎರಡನೆಯ ಮಾದರಿಗೆಂದು 1901ರಲ್ಲಿ ಬಂದ 120 ಎಂಬ ಅಳತೆಯ ರೀಲು ಇವತ್ತಿಗೂ ತಯಾರಾಗುತ್ತಿದೆ. ಕಪ್ಪು ಕಾಗದದ ಬೆನ್ನು, ಅದರ ಮೇಲೆ ಅಂಕೆಗಳು, ಕ್ಯಾಮೆರಾದ ಹಿಂಬದಿಯ ಪುಟ್ಟ ಕೆಂಪು ಕಿಟಕಿಯಲ್ಲಿ ಆ ಅಂಕೆ ಕಾಣುವವರೆಗೆ ತಿರುಗಿಸುತ್ತ ಹೋಗುವುದು. ಐವತ್ತು ದಾಟಿದ ಓದುಗರಿಗೆ ಈ ಕೆಂಪು ಕಿಟಕಿಯ ನೆನಪು ಇದ್ದೀತು.

ನಮ್ಮಲ್ಲಿ ಬ್ರೌನಿಯ ಪಾತ್ರ ವಹಿಸಿದ್ದು ಆಗ್ಫಾ ಕ್ಲಿಕ್ 3. ಜರ್ಮನಿಯ ಆಗ್ಫಾದ ಈ ಕ್ಯಾಮೆರಾ ಬರೋಡದಲ್ಲಿ ತಯಾರಾಗುತ್ತಿತ್ತು. ಕಪ್ಪು ಪ್ಲಾಸ್ಟಿಕ್ಕಿನ ಮೈ, ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ತೆರೆದು ಮುಚ್ಚುವ ಒಂದೇ ವೇಗದ ಶಟರು, ಬಿಸಿಲಿಗೊಂದು ಮೋಡಕ್ಕೊಂದು ಗುರುತು. 120ರ ಒಂದು ರೀಲಿನಲ್ಲಿ 6 ಸೆಂಟಿಮೀಟರ್ ಚೌಕದ 12 ಚಿತ್ರಗಳು. ಉಡುಪಿಯ ಮಧ್ಯಾಹ್ನದ ಬಿಸಿಲಿಗೆ ಈ ಕ್ಯಾಮೆರಾ ಒಳಬಿಡುವ ಬೆಳಕು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಆದರೂ ಚಿತ್ರ ಬರುತ್ತಿತ್ತು. ಏಕೆಂದರೆ ಕಪ್ಪುಬಿಳುಪು ಫಿಲ್ಮ್ ಕಲಿಯುವವರ ತಪ್ಪನ್ನು, ಅದರಲ್ಲೂ ಬೆಳಕು ಹೆಚ್ಚಾದ ತಪ್ಪನ್ನು, ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ.

ಹನ್ನೆರಡೇ ಚಿತ್ರ ಕೊಡುವ 120 ದುಬಾರಿಯೋ, ಮೂವತ್ತಾರು ಕೊಡುವ 35 ಮಿಲಿಮೀಟರ್ ಅಗ್ಗವೋ? ಮೇಲುನೋಟಕ್ಕೆ ಉತ್ತರ ಸ್ಪಷ್ಟ. ಆದರೆ ಎರಡನ್ನೂ ಬಿಚ್ಚಿ ಅಳೆದರೆ ಫಿಲ್ಮಿನ ವಿಸ್ತೀರ್ಣ ಹೆಚ್ಚುಕಡಿಮೆ ಒಂದೇ, ಸುಮಾರು 80 ಚದರ ಅಂಗುಲ. ಅಂದರೆ ಬೆಳ್ಳಿಯೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇರುವುದು ಮುಂದಿನ ಖರ್ಚಿನಲ್ಲಿ. ಆರು ಸೆಂಟಿಮೀಟರ್ ಚೌಕದ ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿಟ್ಟು ಬೆಳಕು ಕೊಟ್ಟರೆ ಆಲ್ಬಮ್ಮಿಗೆ ಅಂಟಿಸುವಂಥ ಪ್ರಿಂಟು ಬಂದೇಬಿಡುತ್ತದೆ. ಎರಡು ಗಾಜು, ಒಂದು ದೀಪ ಸಾಕು. 35 ಮಿಲಿಮೀಟರಿನ ನೆಗೆಟಿವ್ ಅಂಚೆಚೀಟಿಗಿಂತ ಕೊಂಚ ದೊಡ್ಡದು, ಅಷ್ಟೆ. ಅದಕ್ಕೆ ಎನ್ಲಾರ್ಜರ್ ಬೇಕೇ ಬೇಕು. ಸಾಲದ್ದಕ್ಕೆ, ಮೂವತ್ತಾರು ಚಿತ್ರ ಮುಗಿಯುವ ಹೊತ್ತಿಗೆ ದೀಪಾವಳಿ ಕಳೆದು ಯುಗಾದಿ ಬಂದಿರುತ್ತದೆ. ಕರಾವಳಿಯ ಸೆಕೆ ಮತ್ತು ತೇವದಲ್ಲಿ ತೊಳೆಯದೆ ಇಟ್ಟ ಫಿಲ್ಮಿನೊಳಗಿನ ಚಿತ್ರ ತಿಂಗಳು ಕಳೆದಂತೆ ಮಸುಕಾಗುತ್ತದೆ. ಹಾಗಾಗಿ ರೀಲಿನ ಮೇಲೆ ಅಚ್ಚಾದ ಬೆಲೆ ನೋಡಿ ಅಗ್ಗ ಎಂದವರು ಕೊನೆಗೆ ಕೈಸುಟ್ಟುಕೊಂಡದ್ದೇ ಹೆಚ್ಚು. ಚಿತ್ರವೊಂದು ಕೈಗೆ ಬರುವವರೆಗೆ ತಗಲುವ ಒಟ್ಟು ಖರ್ಚನ್ನು ಲೆಕ್ಕ ಹಾಕಬೇಕು. ಹೂ ಕಟ್ಟುವವರು ಗಿಡದ ಆರೈಕೆಯಿಂದ ಬಾಳೆನಾರಿನವರೆಗೆ ಲೆಕ್ಕ ಹಾಕುವುದಿಲ್ಲವೆ, ಹಾಗೆ.

ಇನ್ನು ರೀಲು ಬರುತ್ತಿದ್ದದ್ದೆಲ್ಲಿಂದ? ಸ್ವಾತಂತ್ರ್ಯ ಬಂದಾಗ ಫಿಲ್ಮಿಗಾಗಿ ದೇಶ ಪೂರ್ತಿ ಹೊರಗಿನವರನ್ನೇ ನಂಬಿತ್ತು. ಕೊಡಕ್, ಇಲ್‌ಫೋರ್ಡ್, ಆಗ್ಫಾ, ಗೇವರ್ಟ್ ಇವೇ ಹೆಸರುಗಳು. ಐವತ್ತರ ದಶಕದ ಕೊನೆಗೆ ವಿದೇಶಿ ವಿನಿಮಯದ ಬರ ಬಂದಾಗ ಆಮದಿಗೆ ಲೈಸೆನ್ಸಿನ ಬಿಗಿ ಹೆಚ್ಚಿತು. ಆಸ್ಪತ್ರೆಗೆ ಎಕ್ಸ್‌ರೇ ಫಿಲ್ಮ್ ಬೇಕು, ಸಿನಿಮಾಕ್ಕೆ ಫಿಲ್ಮ್ ಬೇಕು. ಹವ್ಯಾಸಿಯ ಫೋಟೋ ರೀಲು ಎಲ್ಲಕ್ಕಿಂತ ಕೊನೆಯ ಸಾಲಿನಲ್ಲಿ. ಪೂರ್ವ ಜರ್ಮನಿಯೊಂದಿಗೆ ಡಾಲರಿನ ಹಂಗಿಲ್ಲದೆ ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿದ್ದ ಕಾರಣ ಓರ್ವೋ ಎಂಬ ಹೆಸರಿನ ಫಿಲ್ಮ್ ನಮ್ಮ ಪೇಟೆಗಳಲ್ಲಿ ಕಾಣಿಸಿಕೊಂಡಿತು. ಯುದ್ಧದ ಬಳಿಕ ದೇಶ ಇಬ್ಭಾಗವಾದಾಗ ಪೂರ್ವದ ಪಾಲಿಗೆ ಬಂದ ಆಗ್ಫಾದ ವೋಲ್ಫೆನ್ ಕಾರ್ಖಾನೆಯೇ 1964ರಿಂದ ಈ ಹೆಸರಿನಲ್ಲಿ ಮಾರುತ್ತಿದ್ದುದು. ಅದರ ಎನ್‌ಪಿ 22 ಎಂಬ 125 ವೇಗದ ಕಪ್ಪುಬಿಳುಪು ರೀಲನ್ನು ಹಳಬರು ಇಂದಿಗೂ ನೆನೆಯುತ್ತಾರೆ.

ನಮ್ಮದೇ ಆದ ಫಿಲ್ಮ್ ಹುಟ್ಟಿದ್ದು ನಮ್ಮ ಗಡಿಯ ಪಕ್ಕದಲ್ಲೇ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರಿನ ಮಾರ್ಗವಾಗಿ ಊಟಿಗೆ ಹೋದವರು ಊರು ತಲಪುವ ಮುನ್ನ ಇಂದುನಗರ ಎಂಬ ಹೆಸರು ಕಂಡಿರಬಹುದು. ಅದೇ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ಕಾರ್ಖಾನೆಯ ಜಾಗ. ಕೇಂದ್ರ ಸರಕಾರ 1960ರಲ್ಲಿ ಈ ಸಂಸ್ಥೆಯನ್ನು ಹುಟ್ಟುಹಾಕಿತು. ಫ್ರಾನ್ಸಿನ ಬೋಶೆ ಎಂಬ ಕಂಪೆನಿಯ ತಾಂತ್ರಿಕ ನೆರವು ಪಡೆದು 1967ರಲ್ಲಿ ತಯಾರಿಕೆ ಆರಂಭವಾಯಿತು. ಸರಕಿನ ಹೆಸರು ಇಂದು. ಚಂದ್ರನ ಹೆಸರು. ಕತ್ತಲಲ್ಲಿ ಹುಟ್ಟುವ ಬೆಳ್ಳಿಯ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಹೆಸರು ಯಾರಿಗೂ ಹೊಳೆಯಲಾರದು.

ಊಟಿಯೇ ಯಾಕೆ? ಕರಗಿಸಿದ ಜೆಲಟಿನ್‌ನಲ್ಲಿ ಬೆಳ್ಳಿಯ ಲವಣವನ್ನು ಬೆರೆಸಿ, ಕತ್ತಲೆಯಲ್ಲಿ, ಅಸಿಟೇಟಿನ ಹಾಳೆಯ ಮೇಲೆ ಕೂದಲೆಳೆಗಿಂತ ತೆಳ್ಳಗೆ ಎಲ್ಲೆಡೆ ಒಂದೇ ಸಮನಾಗಿ ಬಳಿದು, ತಣ್ಣಗೆ ಹೆಪ್ಪುಗಟ್ಟಿಸಿ ಒಣಗಿಸಬೇಕು. ಗಾಳಿಯಲ್ಲಿ ಧೂಳಿರಬಾರದು, ಸೆಕೆ ಇರಬಾರದು, ನೀರು ಶುದ್ಧವಿರಬೇಕು. ಬಯಲುಸೀಮೆಯಲ್ಲಿ ಇದನ್ನೆಲ್ಲ ಯಂತ್ರಗಳಿಂದ ಸಾಧಿಸಬೇಕಾಗುತ್ತಿತ್ತು. ನೀಲಗಿರಿಯಲ್ಲಿ ಅರ್ಧ ಕೆಲಸವನ್ನು ಬೆಟ್ಟವೇ ಮಾಡಿಕೊಡುತ್ತಿತ್ತು. ಇಡೀ ದೇಶಕ್ಕೆ ಫೋಟೋ ಫಿಲ್ಮ್ ತಯಾರಿಸುವ ಬೇರೊಂದು ಕಾರ್ಖಾನೆ ಇರಲಿಲ್ಲ. ಎಕ್ಸ್‌ರೇ ಫಿಲ್ಮ್, ಸಿನಿಮಾದ ಕಪ್ಪುಬಿಳುಪು ಪಾಸಿಟಿವ್, ಬ್ರೋಮೈಡ್ ಕಾಗದ, ಅದರ ಜತೆಗೆ ಕ್ಲಿಕ್ ಕ್ಯಾಮೆರಾಕ್ಕೆ ಹಾಕುವ ರೀಲು, ಹೀಗೆ ಎಲ್ಲವೂ ಅಲ್ಲಿಂದಲೇ ಬಂತು.

ಇಂದು ರೀಲು ಜಗತ್ತಿನ ಮೇಲ್ಮಟ್ಟದ ಫಿಲ್ಮ್ ಆಗಿತ್ತೆಂದು ಯಾರೂ ವಾದಿಸಲಾರರು. ಕೊಡಕ್‌ನ ಟ್ರೈ-ಎಕ್ಸ್ 1954ರಷ್ಟು ಹಿಂದೆಯೇ ಮಂದ ಬೆಳಕಿನಲ್ಲಿ ಚಿತ್ರ ಹಿಡಿಯುವ ಕಲೆಯನ್ನು ಸಾಮಾನ್ಯರಿಗೂ ತೆರೆದಿತ್ತು. ಅದನ್ನು ಕಂಡವರಿಗೆ ಊಟಿಯದು ಹಿಂದುಳಿದದ್ದೇ. ಆದರೆ ಕಲಿಯುವವರಿಗೆ ಬೇಕಾದದ್ದು ಮೇಲ್ಮಟ್ಟದ್ದಲ್ಲ, ಸದಾ ಸಿಗುವಂಥದು. ಇವತ್ತು ಕೊಂಡದ್ದೇ ಮುಂದಿನ ತಿಂಗಳೂ ಪೇಟೆಯಲ್ಲಿ ಸಿಗಬೇಕು, ಆಗಲೇ ಇವತ್ತಿನ ತಪ್ಪನ್ನು ನಾಳೆ ತಿದ್ದಿಕೊಳ್ಳಲು ಸಾಧ್ಯ. ಆಯ್ಕೆಯೇ ಇಲ್ಲದ ಕಾರಣ ಒಂದೇ ರೀಲಿಗೆ ಒಗ್ಗಿಕೊಂಡವರು ಅದರ ಗುಣವನ್ನು ಕರತಲಾಮಲಕ ಮಾಡಿಕೊಂಡರು. ಆಮದಿನ ಬಿಗಿ ಅವರಿಗೆ ಹೊರೆಯೂ ಆಯಿತು, ಅರಿವಿಲ್ಲದೆ ಪಾಠಶಾಲೆಯೂ ಆಯಿತು ಎನ್ನಬೇಕು.

ಮಲ್ಲಿಗೆಯ ನಿಜವಾದ ಪರೀಕ್ಷೆ ನಡೆಯುತ್ತಿದ್ದದ್ದು ತೊಳೆಯುವ ಕೋಣೆಯಲ್ಲಿ. ಡಿ-76 ಎಂಬ ಡೆವಲಪರ್ ಸೂತ್ರ 1927ರದ್ದು, ಗುಟ್ಟೇನೂ ಇಲ್ಲ: ಲೀಟರು ನೀರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ರಾಸಾಯನಿಕಗಳನ್ನು ಬಿಡಿಯಾಗಿ ತಂದು ತಕ್ಕಡಿಯಲ್ಲಿ ತೂಗಿ ಬೆರೆಸಿಕೊಂಡರೆ ಸಿದ್ಧ ಪೊಟ್ಟಣಕ್ಕಿಂತ ಎಷ್ಟೋ ಅಗ್ಗ. ತೊಂದರೆ ಇರುವುದು ಸೂತ್ರದ ಕೊನೆಯ ಸಾಲಿನಲ್ಲಿ, 20 ಡಿಗ್ರಿ ಸೆಲ್ಸಿಯಸ್ ಎಂಬಲ್ಲಿ. ಇದು ಯುರೋಪಿನ ನಲ್ಲಿ ನೀರಿನ ಲೆಕ್ಕ. ನಮ್ಮ ಬಾವಿಯ ನೀರು ಬೇಸಗೆಯಲ್ಲಿ ಅದಕ್ಕಿಂತ ಏಳೆಂಟು ಡಿಗ್ರಿ ಮೇಲಿರುತ್ತದೆ. ಅಷ್ಟು ಬೆಚ್ಚಗಿದ್ದರೆ ಒಂಬತ್ತು ನಿಮಿಷದ ಕೆಲಸ ನಾಲ್ಕೈದು ನಿಮಿಷದಲ್ಲೇ ಮುಗಿದುಹೋಗುತ್ತದೆ; ಗೊತ್ತಿಲ್ಲದೆ ಪುಸ್ತಕದ ಸಮಯವನ್ನೇ ಪಾಲಿಸಿದವರ ನೆಗೆಟಿವ್ ಕರ್ರಗಾಗುತ್ತದೆ. ಇನ್ನೂ ಸೆಕೆ ಏರಿದರೆ ಜೆಲಟಿನ್ ಉಬ್ಬಿ, ಕೆಲವೊಮ್ಮೆ ಸುಕ್ಕುಗಟ್ಟಿ, ಬೆರಳು ತಗಲಿದಲ್ಲಿ ಜಾರಿ ಬರುತ್ತದೆ. ಮಣ್ಣಿನ ಹೂಜಿಯ ನೀರೋ, ಬಕೆಟಿನಲ್ಲಿ ಐಸಿನ ತುಂಡೋ ಇಲ್ಲದೆ ಏಪ್ರಿಲ್ ತಿಂಗಳಲ್ಲಿ ಇಲ್ಲಿ ಫಿಲ್ಮ್ ತೊಳೆಯುವುದು ಸಾಹಸವೇ ಸರಿ.

ಹೆಚ್ಚು ತೊಳೆದರೆ ಆಗುವ ನಷ್ಟ ಮೊದಲು ಕಾಣುವುದು ಬಿಳಿಯ ವಸ್ತುಗಳಲ್ಲಿ. ಇಡೀ ಚೆಂಡು ಮಲ್ಲಿಗೆ ಮುಡಿದ ಮದುಮಗಳನ್ನು ನೆನೆಸಿಕೊಳ್ಳಿ. ಸರಿಯಾಗಿ ತೊಳೆದ ನೆಗೆಟಿವ್‌ನಿಂದ ಪ್ರಿಂಟು ಹಾಕಿದರೆ ಮೊಗ್ಗು ಮೊಗ್ಗಿನ ನಡುವೆ ತೆಳು ಬೂದು ನೆರಳು ಕಾಣುತ್ತದೆ, ಹೂವನ್ನು ಎಣಿಸಬಹುದು. ಎರಡು ನಿಮಿಷ ಹೆಚ್ಚಾಯಿತೋ, ಎಂಟುನೂರು ಮೊಗ್ಗುಗಳೂ ಸೇರಿ ಸುಣ್ಣದ ಒಂದು ಗೆರೆಯಾಗುತ್ತವೆ. ಬೆಳಕು ಕಡಿಮೆ ಕೊಟ್ಟರೆ ಹೂ ಉಳಿಯುತ್ತದೆ, ಕೂದಲೆಲ್ಲ ಮಸಿ ಬಳಿದಂತೆ ಆಗುತ್ತದೆ. ಇದಕ್ಕೆ ಹಳಬರ ನಿಯಮವೊಂದಿದೆ: ನೆರಳಿಗೆ ಬೇಕಾದಷ್ಟು ಬೆಳಕು ಕೊಡು, ಬಿಳುಪು ಕೆಡದಷ್ಟು ಮಾತ್ರ ತೊಳೆ. ಕೇಳಲು ಸುಲಭ. ಕೈಗೆ ಬರಬೇಕಾದರೆ ಒಂದೇ ಬಗೆಯ ಫಿಲ್ಮಿನ ಹತ್ತು ಹದಿನೈದು ರೀಲು ಕೆಡಿಸಬೇಕು. ಅಗ್ಗದ ರೀಲಿನ ಬೆಲೆ ಗೊತ್ತಾಗುವುದು ಆಗ.

ಕೈ ಬಿಗಿ ಇದ್ದಲ್ಲಿ ಕಪ್ಪುಬಿಳುಪು ನೆರವಿಗೆ ಬಂದದ್ದು ಫೋಟೋದಲ್ಲಿ ಮಾತ್ರವಲ್ಲ. ಎಪ್ಪತ್ತರ ದಶಕದಲ್ಲಿ ಕನ್ನಡದ ಹೊಸ ಅಲೆಯ ಚಿತ್ರಗಳು ಬಣ್ಣದ ಕಾಲದಲ್ಲೂ ಕಪ್ಪುಬಿಳುಪಿನಲ್ಲಿ ಬಂದುದಕ್ಕೆ ಕಲೆಯಷ್ಟೇ ಖರ್ಚೂ ಕಾರಣ. 1970ರ 'ಸಂಸ್ಕಾರ', ಎಸ್. ರಾಮಚಂದ್ರ ಅವರ ಛಾಯಾಗ್ರಹಣದ 1977ರ 'ಘಟಶ್ರಾದ್ಧ' ಎರಡೂ ಹಾಗೆ ಬಂದು ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿದವು. ಸಂಡೂರಿನ ಎಂ.ವೈ. ಘೋರ್ಪಡೆ ಅವರಿಗೆ ಹಣದ ಅಡಚಣೆ ಇರಲಿಲ್ಲ. ಆದರೂ ಕಾಡುಪ್ರಾಣಿಗಳನ್ನು ಅವರು ಕಪ್ಪುಬಿಳುಪಿನಲ್ಲೇ ಹಿಡಿದು ಹೆಸರಾದರು. ಬಡತನ ಹಾಕಿಕೊಟ್ಟ ದಾರಿ ಸಿರಿವಂತರಿಗೂ ರುಚಿಸಿತು ಎಂದರೆ ತಪ್ಪಾಗದು.

ಅಗ್ಗದ ಕಾಲ ಕೊನೆಗೊಂಡದ್ದು ಹಲವು ಕಡೆಯಿಂದ ಬಿದ್ದ ಪೆಟ್ಟಿನಿಂದ. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರ ಸಟ್ಟಾ ವ್ಯವಹಾರದಿಂದ ಬೆಳ್ಳಿ ಔನ್ಸಿಗೆ 50 ಡಾಲರಿನ ಹತ್ತಿರ ಏರಿತು. ತಿಂಗಳೆರಡರಲ್ಲಿ ಅದು ಕುಸಿದರೂ ಏರಿದ ಫಿಲ್ಮಿನ ಬೆಲೆ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ. ಎಂಬತ್ತರ ದಶಕದ ಕೊನೆಗೆ ಬಣ್ಣದ ಫೋಟೋವನ್ನು ಗಂಟೆಯೊಳಗೆ ತೊಳೆದುಕೊಡುವ ಯಂತ್ರಗಳು ಪೇಟೆಗೆ ಬಂದವು. 1991ರ ಬಳಿಕ ಆಮದಿನ ಬಾಗಿಲು ತೆರೆಯಿತು. ಆಮೇಲೆ ಕಪ್ಪುಬಿಳುಪು ರೀಲನ್ನು ತೊಳೆಸುವುದೇ ಬಣ್ಣದ್ದಕ್ಕಿಂತ ತ್ರಾಸದ ಕೆಲಸವಾಯಿತು. ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೂ ಬಣ್ಣ ಬಂತು.

ಊಟಿಯ ಕಾರ್ಖಾನೆ ಆ ಹೊತ್ತಿಗೆ ಅಮೆರಿಕದ ಡ್ಯುಪಾಂಟ್ ತಂತ್ರಜ್ಞಾನದಲ್ಲಿ ಪಾಲಿಯೆಸ್ಟರ್ ಎಕ್ಸ್‌ರೇ ಫಿಲ್ಮಿನ ದೊಡ್ಡ ಯೋಜನೆಗೆ ಕೈಹಾಕಿತ್ತು. ಸಾಲ ಬೆಳೆಯಿತು, ಪೇಟೆ ಕೈತಪ್ಪಿತು. 1996ರಲ್ಲಿ ಅದನ್ನು ರೋಗಗ್ರಸ್ತ ಉದ್ಯಮವೆಂದು ಸಾರಲಾಯಿತು. ಅಲ್ಲಿಂದ ಮುಂದೆ ಉಸಿರು ಹಿಡಿದುಕೊಂಡು ನಡೆದ ಸಂಸ್ಥೆಯ ನೌಕರರಿಗೆ 2014ರಲ್ಲಿ ಕೇಂದ್ರ ಸರಕಾರ ಸ್ವಯಂ ನಿವೃತ್ತಿಯ ಹಣ ಮಂಜೂರು ಮಾಡಿತು. ಇಂದುವಿನ ಕಥೆ ಅಲ್ಲಿಗೆ ಮುಗಿಯಿತು. ಹೊರಗಿನವರ ಪಾಡೂ ಬೇರೆಯಾಗಿರಲಿಲ್ಲ. ವೋಲ್ಫೆನ್ನಿನ ಫಿಲ್ಮ್ ತಯಾರಿಕೆ ತೊಂಬತ್ತರ ದಶಕದಲ್ಲೇ ನಿಂತಿತು. ಆಗ್ಫಾದ ಫೋಟೋ ವಿಭಾಗ 2005ರಲ್ಲಿ, ಕೊಡಕ್ 2012ರಲ್ಲಿ ದಿವಾಳಿಯ ಅರ್ಜಿ ಹಾಕಿದವು. ಇಲ್‌ಫೋರ್ಡ್ 2004ರಲ್ಲಿ ಮುಳುಗುವುದರಲ್ಲಿತ್ತು. ಅಲ್ಲಿನವರೇ ಕೆಲವರು ಸೇರಿ ಮರುವರ್ಷ ಹಾರ್ಮನ್ ಎಂಬ ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮನ್ನು ಉಳಿಸಿಕೊಂಡರು.

ವಿಚಿತ್ರವೆಂದರೆ ಈಗ ಮತ್ತೆ ಹುಡುಗರು ಅಟ್ಟದ ಮೇಲಿನ ಕ್ಯಾಮೆರಾ ಇಳಿಸಿ ರೀಲು ಹುಡುಕುತ್ತಿದ್ದಾರೆ. ಯಾವುದನ್ನು ಕೊಳ್ಳಲಿ ಎಂಬ ಹಳೆಯ ಪ್ರಶ್ನೆಯೂ ಮರಳಿ ಬಂದಿದೆ. ಕಪ್ಪುಬಿಳುಪಿನಲ್ಲಿ ಅಗ್ಗದ ಸಾಲಿಗೆ ಸೇರುವ ಎರಡು ಹೆಸರು ಹೇಳಬಹುದು. ಒಂದು, ಚೆಕ್ ದೇಶದಲ್ಲಿ 1921ರಿಂದ ಇರುವ ಫೋಮಾ ಕಂಪೆನಿಯ ಫೋಮಾಪ್ಯಾನ್. ಇನ್ನೊಂದು, ಹಾರ್ಮನ್‌ನವರದೇ ಕೆಂಟ್‌ಮಿಯರ್. ಎರಡೂ 100 ಮತ್ತು 400 ವೇಗಗಳಲ್ಲಿ ಬರುತ್ತವೆ. ನವೆಂಬರಿನಿಂದ ಮೇವರೆಗಿನ ನಮ್ಮ ಬಿಸಿಲಿಗೆ 100 ಧಾರಾಳ ಸಾಕು. ಮಳೆಗಾಲದ ಮಂದ ಬೆಳಕಿಗೆ, ಚಾವಡಿಯ ಒಳಗಿನ ಚಿತ್ರಕ್ಕೆ 400 ಬೇಕು. ಕ್ಯಾಮೆರಾದಲ್ಲಿ ಬೆಳಕಿನ ಅಳತೆ ಇಲ್ಲವಾದರೆ ಹಳೆಯ ಲೆಕ್ಕವೇ ಗತಿ: ತೆರೆದ ಬಿಸಿಲಿನಲ್ಲಿ ಎಫ್ 16, ಶಟರಿನ ವೇಗ ಫಿಲ್ಮಿನ ವೇಗದಷ್ಟು. ನಾಲ್ಕಾರು ಬಗೆಯ ರೀಲು ತರಿಸಿ ಒಂದೊಂದನ್ನು ಪರೀಕ್ಷಿಸುವ ಚಪಲ ಹುಟ್ಟುವುದು ಸಹಜ. ಹಾಗೆ ಮಾಡಿದವರು ಫಿಲ್ಮುಗಳ ಹೆಸರು ಕಲಿಯುತ್ತಾರೆಯೇ ಹೊರತು ಮಲ್ಲಿಗೆಯ ಬಿಳುಪನ್ನು ಹಿಡಿಯುವುದನ್ನಲ್ಲ. 30 ಮೀಟರಿನ ದೊಡ್ಡ ಸುರುಳಿ ಕೊಂಡು ಖಾಲಿ ಡಬ್ಬಿಗಳಿಗೆ ತುಂಬಿಕೊಂಡರೆ ಮೂವತ್ತಾರರ ಹದಿನೆಂಟು ರೀಲುಗಳಷ್ಟಾಗುತ್ತದೆ. ಗೆಳೆಯರು ಮೂವರು ಸೇರಿ ಹಂಚಿಕೊಂಡರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಅವಧಿ ಮೀರಿದ ರೀಲು ಕಡಿಮೆಗೆ ಸಿಕ್ಕಿತೆಂದು ಹಿಗ್ಗಬೇಡಿ; ತಣ್ಣಗಿನ ದೇಶದಲ್ಲಿ ಫ್ರಿಜ್ಜಿನಲ್ಲಿಟ್ಟದ್ದು ಬೇರೆ, ನಮ್ಮ ಅಂಗಡಿಯ ಕಪಾಟಿನಲ್ಲಿ ಹತ್ತು ಮಳೆಗಾಲ ಕಳೆದದ್ದು ಬೇರೆ.

ಹೊಸ ರೀಲಿನ ಮಾತಾಡುತ್ತ ಹಳೆಯ ನೆಗೆಟಿವ್‌ಗಳನ್ನು ಮರೆಯಲಾಗದು. ಊರಿನ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚಿದಾಗ, ಹಿರಿಯರ ಪೆಟ್ಟಿಗೆ ಖಾಲಿ ಮಾಡುವಾಗ, ಮೊದಲು ಹೊರಬೀಳುವುದು ಅವೇ. ಜೆಲಟಿನ್ ಬೂಷ್ಟಿಗೆ ಪ್ರಿಯವಾದ ಆಹಾರ. ಅಸಿಟೇಟ್ ಕೆಡತೊಡಗಿದರೆ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಹೊಡೆಯುತ್ತದೆ, ಆಮೇಲೆ ಅದನ್ನು ತಡೆಯುವ ಉಪಾಯವಿಲ್ಲ. 'ಘಟಶ್ರಾದ್ಧ'ದಂಥ ಚಿತ್ರವನ್ನು ಸಂಸ್ಥೆಗಳು ಸೇರಿ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದವು. ಮನೆಮಂದಿಯ ನೆಗೆಟಿವ್‌ಗಳಿಗೆ ಅಂಥ ದಿಕ್ಕಿಲ್ಲ. ಬೆಳ್ಳಿ ತೆಗೆಯಲೆಂದು ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ತೂಕಕ್ಕೆ ಕೊಳ್ಳುವವರಿದ್ದಾರೆ; ಅವುಗಳ ರಾಶಿಯೊಳಗೆ ಫೋಟೋದ ನೆಗೆಟಿವ್‌ಗಳೂ ಸೇರಿ ಹೋದರೆ ಆಶ್ಚರ್ಯವಿಲ್ಲ.

ಅಂಥದೊಂದು ನೆಗೆಟಿವ್ ಕೈಗೆ ಸಿಕ್ಕಿದರೆ ಕಿಟಕಿಗೆ ಹಿಡಿದು ನೋಡಿ. ಎಲ್ಲವೂ ತಿರುಗುಮುರುಗು: ಕೂದಲು ಗಾಜಿನಂತೆ ತಿಳಿ, ಕನ್ನಡಿಯೊಳಗಿನ ಜಡೆಯ ಮಲ್ಲಿಗೆ ಕಡುಕಪ್ಪು. ಹೆಚ್ಚು ಬೆಳಕು ಬಿದ್ದ ಕಡೆ ಬೆಳ್ಳಿ ದಟ್ಟವಾಗಿ ಉಳಿಯುತ್ತದೆ, ನೆರಳಿದ್ದ ಕಡೆಯ ಬೆಳ್ಳಿಯೆಲ್ಲ ಹೈಪೋದಲ್ಲಿ ಕರಗಿ ಹೋಗಿರುತ್ತದೆ. ತೂಕಕ್ಕೆ ಕೊಳ್ಳುವವರಿಗೆ ದಕ್ಕುವ ಬೆಳ್ಳಿ ಮುಖ್ಯವಾಗಿ ಆ ಹೂವಿನದೇ.